ಸಕ್ಕರೆ ಕಲ್ಲಾದರೆ ಗಾಬರಿ ಬೇಡ: ಡೆನ್ಮಾರ್ಕಿನ ಕ್ರಿಸ್‌ಮಸ್ ಊಟಕ್ಕೆ ಸಿಹಿ ಆಲೂಗಡ್ಡೆ, ಉಪ್ಪಿನ ಆಲೂಗಡ್ಡೆ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು, ಈಗ ಡೆನ್ಮಾರ್ಕಿನ ಆರ್ಹುಸ್‌ನಲ್ಲಿದ್ದೇವೆ. ಡಿಸೆಂಬರ್ 24ರ ರಾತ್ರಿ ನಮ್ಮ ಯಜಮಾನರ ಆಫೀಸಿನವರೊಬ್ಬರ ಮನೆಯಲ್ಲಿ ಊಟ ಇದೆ. ನಾವು ಸಸ್ಯಾಹಾರಿಗಳು ಅಂತ ಗೊತ್ತಾದ ಮೇಲೆ ಅವರು, ಆಲೂಗಡ್ಡೆಯದು ಎರಡು ಬಗೆ ನೀವೇ ಮಾಡಿ ತನ್ನಿ, ಒಂದು ಸಿಹಿ, ಒಂದು ಉಪ್ಪಿನದು ಅಂದಿದ್ದಾರೆ. ಸಕ್ಕರೆ ಹಾಕಿದ ಕಂದು ಆಲೂಗಡ್ಡೆ ಮಾಡಿ ನೋಡಿದೆ. ಒಂದು ಸಲ ಸಕ್ಕರೆ ಬಾಣಲೆಗೆ ಕಲ್ಲಿನಂತೆ ಹಿಡಿದುಕೊಂಡಿತು, ಇನ್ನೊಂದು ಸಲ ಬಿಳಿ ಮರಳಾಗಿ ಉದುರಿತು. ಎಲ್ಲಿ ತಪ್ಪುತ್ತಿದೆ? ಅಷ್ಟು ಸಿಹಿಯನ್ನು ಊಟದ ಜೊತೆ ಹೇಗೆ ತಿನ್ನುತ್ತಾರೆ? ಉಪ್ಪಿನದಕ್ಕೆ ಯಾವುದು ಮಾಡಲಿ? ಊರಲ್ಲಿ ಅಮ್ಮನೂ ಮಾಡಿ ನೋಡುತ್ತೇನೆ ಅನ್ನುತ್ತಿದ್ದಾರೆ, ಅವರು ಯಾವ ಆಲೂಗಡ್ಡೆ ತರಬೇಕು?

ಉತ್ತರ:

ಮೊದಲು ಒಂದು ಸಮಾಧಾನದ ಮಾತು. ಸಕ್ಕರೆ ಕಲ್ಲಾಗಿದ್ದು ತಪ್ಪೇ ಅಲ್ಲ. ಅದು ಆಗಲೇಬೇಕು. ನೀವು ಅಲ್ಲಿಗೇ ಕೆಟ್ಟುಹೋಯಿತು ಅಂದುಕೊಂಡು ಒಲೆ ಆರಿಸಿರುತ್ತೀರಿ, ಅಷ್ಟೇ. ಮರಳಾಗಿದ್ದು ಮಾತ್ರ ಬೇರೆ ಕಥೆ, ಅದನ್ನು ಆಮೇಲೆ ಹೇಳುತ್ತೇನೆ.

ಡೆನ್ಮಾರ್ಕ್, ಸ್ವೀಡನ್, ಅವುಗಳ ಅಕ್ಕಪಕ್ಕದ ದೇಶಗಳ ಆಲೂಗಡ್ಡೆ ಅಡುಗೆಯಲ್ಲಿ ಸಾಮಾನು ಬಹಳ ಕಮ್ಮಿ. ಬೆಣ್ಣೆ, ಉಪ್ಪು, ಸಕ್ಕರೆ, ಕೆನೆ, ಸಬ್ಬಸಿಗೆ, ಮುಗಿಯಿತು. ಒಗ್ಗರಣೆ ಇಲ್ಲ, ಮಸಾಲೆ ಇಲ್ಲ, ಏನಾದರೂ ಹೆಚ್ಚುಕಮ್ಮಿ ಆದರೆ ಮುಚ್ಚಿಡೋಕೆ ಕೊತ್ತಂಬರಿ ಸೊಪ್ಪೂ ಇಲ್ಲ. ಹಾಗಾಗಿ ಆಲೂಗಡ್ಡೆ ಯಾವುದು, ಅದರ ಪಿಷ್ಟವನ್ನು ತೊಳೆಯಬೇಕಾ ಬಿಡಬೇಕಾ, ನೀರು ಎಷ್ಟು ಉಳಿದಿದೆ, ಈ ಮೂರರ ಮೇಲೇ ಎಲ್ಲ ನಿಂತಿದೆ. ನಮ್ಮ ಪಲ್ಯಕ್ಕೆ ಯಾವ ಆಲೂಗಡ್ಡೆ ಆದರೂ ನಡೆಯುತ್ತದೆ. ಇಲ್ಲಿ ನಡೆಯಲ್ಲ.

ಅಂಗಡಿಯಲ್ಲಿ ಚೀಲದ ಮೇಲೆ ನೋಡಿ. ಡೆನ್ಮಾರ್ಕ್, ಸ್ವೀಡನ್ನಿನಲ್ಲಿ ಆಲೂಗಡ್ಡೆಯನ್ನು ಗಟ್ಟಿ, ಹಿಟ್ಟು ಅಂತ ವಿಂಗಡಿಸಿ ಮಾರುತ್ತಾರೆ. ಬೆಂದ ಮೇಲೂ ಆಕಾರ ಬಿಡದೆ, ಕತ್ತರಿಸಿದರೆ ನುಣ್ಣಗೆ ಮೇಣದಂತಿರುವುದು ಗಟ್ಟಿ ಜಾತಿ. ಬೆಂದ ಕೂಡಲೇ ಅಂಚು ಒಡೆದು ಪುಡಿಪುಡಿ ಆಗುವುದು ಹಿಟ್ಟಿನ ಜಾತಿ, ಅದರಲ್ಲಿ ಪಿಷ್ಟ ಜಾಸ್ತಿ. ಚೀಲದ ಮೇಲೆ ಏನೂ ಬರೆದಿಲ್ಲದಿದ್ದರೆ ಒಂದು ಸುಲಭದ ಪರೀಕ್ಷೆ ಇದೆ. 11 ಲೋಟ ನೀರಿಗೆ 1 ಲೋಟ ಉಪ್ಪು ಕರಗಿಸಿ, ಆಲೂಗಡ್ಡೆ ಬಿಡಿ. ಮುಳುಗಿದ್ದು ಹಿಟ್ಟಿನದು, ತೇಲಿದ್ದು ಗಟ್ಟಿ. ಪಿಷ್ಟ ಜಾಸ್ತಿ ಇದ್ದಷ್ಟೂ ಗಡ್ಡೆಗೆ ತೂಕ ಜಾಸ್ತಿ, ಅದಕ್ಕೆ ಹಾಗೆ.

ಈಗ ಕಂದು ಆಲೂಗಡ್ಡೆಗೆ ಬರೋಣ. ಡ್ಯಾನಿಶ್‌ನಲ್ಲಿ ಬ್ರೂನೆದೆ ಕಾರ್ಟೊಫ್ಲರ್. ಐಸ್‌ಲ್ಯಾಂಡಿನವರೂ ಹಬ್ಬಕ್ಕೆ ಇದನ್ನು ಬಿಡುವುದಿಲ್ಲ. 1 ಕೆಜಿ ಚಿಕ್ಕ ಚಿಕ್ಕ ಗಟ್ಟಿ ಆಲೂಗಡ್ಡೆ, ಸುಮಾರು 100 ಗ್ರಾಂ ಸಕ್ಕರೆ, 40 ಗ್ರಾಂ ಬೆಣ್ಣೆ, ಉಪ್ಪು. ಇಷ್ಟೇ ಸಾಮಾನು. ನಿಂಬೆಹಣ್ಣಿನ ಗಾತ್ರಕ್ಕಿಂತ ದೊಡ್ಡದು ಬೇಡ. ಕತ್ತರಿಸಿ ಚಿಕ್ಕದು ಮಾಡುತ್ತೇನೆ ಅನ್ನಬೇಡಿ, ಕತ್ತರಿಸಿದ ಬದಿಯಿಂದ ಪಿಷ್ಟ ಬಿಟ್ಟು ಕ್ಯಾರಮೆಲ್ ಗಂಜಿಯ ಹಾಗೆ ಮಸುಕಾಗುತ್ತದೆ, ಹೊಳಪೇ ಬರುವುದಿಲ್ಲ. ಡೆನ್ಮಾರ್ಕಿನ ಅಂಗಡಿಗಳಲ್ಲಿ ಬೇಯಿಸಿ ಸಿಪ್ಪೆ ತೆಗೆದ ಪುಟ್ಟ ಆಲೂಗಡ್ಡೆ ಬಾಟಲಿಯಲ್ಲೂ ಸಿಗುತ್ತದೆ. ಅಲ್ಲಿನವರೇ ಎಷ್ಟೋ ಜನ ಅದನ್ನೇ ತರುತ್ತಾರೆ, ನಾಚಿಕೆ ಏನಿಲ್ಲ. ಆದರೆ ರುಚಿ ಮನೆಯಲ್ಲಿ ಬೇಯಿಸಿದ್ದಕ್ಕೇ.

ಹಿಂದಿನ ದಿನವೇ ಉಪ್ಪು ನೀರಲ್ಲಿ ಸಿಪ್ಪೆ ಸಮೇತ ಬೇಯಿಸಿ. ಚಾಕುವಿನ ತುದಿ ಒಳಗೆ ಸಲೀಸಾಗಿ ಹೋಗಬೇಕು, ಆದರೆ ಎತ್ತಿದರೆ ಗಡ್ಡೆ ಬೀಳಬಾರದು. ಕುಕ್ಕರ್ ಬೇಡವೇ ಬೇಡ. ಬಿಸಿ ಇರುವಾಗಲೇ ಸಿಪ್ಪೆ ತೆಗೆದು, ಆರಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿ ಇಡಿ. ರಾತ್ರಿ ಕಳೆದರೆ ಬೆಂದ ಪಿಷ್ಟ ಗಟ್ಟಿಯಾಗಿ ಗಡ್ಡೆ ಬಿಗಿ ಆಗುತ್ತದೆ, ನಾಳೆ ಬಾಣಲೆಯಲ್ಲಿ ಹೊರಳಾಡಿಸಿದರೂ ಒಡೆಯುವುದಿಲ್ಲ.

ಬಾಣಲೆ ಅಗಲವಾಗಿರಲಿ, ಸ್ಟೀಲಿನದಾದರೆ ಒಳ್ಳೆಯದು. ಕಪ್ಪು ನಾನ್‌ಸ್ಟಿಕ್ ಪ್ಯಾನಿನಲ್ಲಿ ಸಕ್ಕರೆಯ ಬಣ್ಣ ಕಣ್ಣಿಗೆ ಬೀಳುವುದೇ ಇಲ್ಲ, ಗೊತ್ತಾಗುವಷ್ಟರಲ್ಲಿ ಸುಟ್ಟಿರುತ್ತದೆ. ಒಣ ಬಾಣಲೆಗೆ ಸಕ್ಕರೆಯನ್ನು ತೆಳ್ಳಗೆ ಹರಡಿ, ಮಧ್ಯಮ ಉರಿ ಇಡಿ. ನೀರು ಹಾಕಬೇಡಿ. ನಮ್ಮ ಎಳೆ ಪಾಕದ ಲೆಕ್ಕ ಇಲ್ಲಿಲ್ಲ, ಇಲ್ಲಿ ಬರೀ ಸಕ್ಕರೆ ತಾನೇ ಕರಗಬೇಕು. ಈಗ ಬಹಳ ಕಷ್ಟದ ಕೆಲಸ: ಕೈ ಕಟ್ಟಿಕೊಂಡು ನಿಲ್ಲುವುದು. ಸೌಟು ಮುಟ್ಟಬೇಡಿ. ಮೊದಲು ಅಂಚಿನಲ್ಲಿ ಸಕ್ಕರೆ ಒದ್ದೆಯಾದಂತೆ ಕಾಣುತ್ತದೆ, ಆಮೇಲೆ ಅಲ್ಲಲ್ಲಿ ಜೇನಿನ ಬಣ್ಣದ ಮಡು ಕಟ್ಟುತ್ತದೆ, ಮಧ್ಯದಲ್ಲಿ ಇನ್ನೂ ಬಿಳಿ ದಿಬ್ಬ ಹಾಗೇ ಇರುತ್ತದೆ. ಬಾಣಲೆಯನ್ನು ಹಿಡಿಯಿಂದ ಸ್ವಲ್ಪ ಓಲಾಡಿಸಿ, ಕರಗಿದ್ದು ಹರಿದು ಕರಗದ್ದರ ಮೇಲೆ ಹೋಗಲಿ.

ನಿಮ್ಮದು ಮರಳಾಗಿದ್ದು ಇಲ್ಲೇ. ಅರ್ಧ ಕರಗಿದಾಗ ಸೌಟಲ್ಲಿ ತಿರುವಿರುತ್ತೀರಿ. ಕರಗದ ಹರಳು ಒಂದು ಉಳಿದು, ಕರಗಿದ ಸಕ್ಕರೆಗೆ ತಾಗಿದರೆ ಸಾಕು, ಅದನ್ನೇ ಹಿಡಿದುಕೊಂಡು ಸುತ್ತಲಿನದೂ ಮತ್ತೆ ಹರಳುಗಟ್ಟುತ್ತದೆ. ಹಾಗಾದರೆ ಎಸೆಯಬೇಡಿ. ಎರಡು ಚಮಚ ನೀರು ಹಾಕಿ, ಸಣ್ಣ ಉರಿಯಲ್ಲಿ ಪೂರ್ತಿ ಕರಗಲು ಬಿಡಿ, ನೀರು ಇಂಗಿ ಮತ್ತೆ ಬಣ್ಣ ಬರುವವರೆಗೆ ಕಾಯಿರಿ. ಹೊತ್ತು ಹಿಡಿಯುತ್ತದೆ, ಆದರೆ ಸರಿ ಹೋಗುತ್ತದೆ.

ಸಕ್ಕರೆ ಎಲ್ಲ ಕರಗಿ ಹೊಂಬಣ್ಣ ದಾಟಿ ತಿಳಿ ಕಂದು ಬಂದಾಗ ಬೆಣ್ಣೆ ಹಾಕಿ. ಬುಸ್ಸೆಂದು ನೊರೆ ಏಳುತ್ತದೆ, ಮುಖ ದೂರ ಇಡಿ, ಆ ಹೊತ್ತಿಗೆ ಸಕ್ಕರೆ 160–170 ಡಿಗ್ರಿ ಬಿಸಿ ಇರುತ್ತದೆ, ಕೈಗೆ ಸಿಡಿದರೆ ಎಣ್ಣೆಗಿಂತ ಕೆಟ್ಟದಾಗಿ ಅಂಟುತ್ತದೆ. ಕಡು ಕಂದು ಆಗುವವರೆಗೆ ಕಾಯಬೇಡಿ, ಕಹಿ ಬರುತ್ತದೆ. ಆದರೆ ಹಳದಿ ಇರುವಾಗಲೇ ಅವಸರ ಮಾಡಿದರೆ ಬರೀ ಸಿಹಿ, ರುಚಿ ಸಪ್ಪೆ. ಚಿಟಿಕೆಯಷ್ಟು ಕಹಿ ಬೇಕೇ ಬೇಕು, ಈ ಪದಾರ್ಥದ ಜೀವ ಅದರಲ್ಲೇ ಇದೆ.

ಈ ಕಡೆ ಫ್ರಿಜ್ಜಿನಿಂದ ತೆಗೆದ ಆಲೂಗಡ್ಡೆಯನ್ನು ತಣ್ಣೀರಲ್ಲಿ ಒಮ್ಮೆ ತೊಳೆದು ಜರಡಿಯಲ್ಲಿ ಸೋಸಿ ಇಟ್ಟಿರಬೇಕು. ಡ್ಯಾನಿಶ್ ಅಡುಗೆಯವರು ಬಾಣಲೆಗೆ ಹಾಕುವ ಮುಂಚೆ ಹೀಗೇ ತೊಳೆಯುತ್ತಾರೆ. ಮೇಲಿನ ಅಂಟು ಪಿಷ್ಟ ಹೋಗುತ್ತದೆ, ಜೊತೆಗೆ ಮೈಗೆ ಅಂಟಿದ ಸ್ವಲ್ಪವೇ ಸ್ವಲ್ಪ ನೀರು ಕಲ್ಲಾದ ಸಕ್ಕರೆಯನ್ನು ಮತ್ತೆ ಬಿಡಿಸುತ್ತದೆ. ಸುರಿದ ಕೂಡಲೇ ಏನಾಗುತ್ತದೆ ಗೊತ್ತಲ್ಲ. ಅಷ್ಟು ಬಿಸಿ ಸಕ್ಕರೆಗೆ ಅಷ್ಟು ತಣ್ಣನೆಯ ಗಡ್ಡೆ ಬಿದ್ದರೆ ಚಟಚಟ ಸದ್ದು ಮಾಡಿ ಗಾಜಿನ ಚೂರುಗಳ ಹಾಗೆ ಗಟ್ಟಿಯಾಗುತ್ತದೆ. ನೀವು ಒಲೆ ಆರಿಸಿದ್ದು ಈ ಜಾಗದಲ್ಲಿ, ಅಲ್ವಾ? ಆರಿಸಬೇಡಿ. ಕೆರೆಯಲೂ ಬೇಡಿ. ಮಧ್ಯಮ ಉರಿಯಲ್ಲಿ ಸುಮ್ನೆ ಬಿಡಿ, ಮುಚ್ಚಳ ಹಾಕಬೇಡಿ. ನಾಲ್ಕೈದು ನಿಮಿಷಕ್ಕೆ ಚೂರುಗಳು ಕರಗಿ ತೆಳು ಪಾಕ ಆಗುತ್ತದೆ, ನೀರು ಇಂಗುತ್ತಾ ಹೋದಂತೆ ಅದು ದಪ್ಪಗಾಗಿ ಆಲೂಗಡ್ಡೆಯ ಮೈಗೆ ಹತ್ತುತ್ತದೆ. ಒಟ್ಟು 10–15 ನಿಮಿಷ. ಮಧ್ಯೆ ಮಧ್ಯೆ ಬಾಣಲೆ ಕುಲುಕಿ, ಬೇಕಾದರೆ ಎರಡು ಚಮಚದಿಂದ ಮೆಲ್ಲಗೆ ಹೊರಳಿಸಿ. ಗುಳ್ಳೆಗಳು ದೊಡ್ಡದಾಗಿ, ನಿಧಾನವಾಗಿ ಒಡೆಯಲು ಶುರುವಾದರೆ ಆಯಿತು. ಕೊನೆಗೆ ಉಪ್ಪು, ನಾಲಿಗೆಗೆ ಗೊತ್ತಾಗುವಷ್ಟು. ನಾನು ನಾಲ್ಕು ಹನಿ ವಿನಿಗರ್ ಕೂಡ ಹಾಕುತ್ತೇನೆ, ಹಳೆಯ ಕಾಲದ ಅಜ್ಜಿಯರು ಮೂಗು ಮುರಿಯಬಹುದು.

ಅಷ್ಟು ಸಿಹಿಯನ್ನು ಹೇಗೆ ತಿನ್ನುತ್ತಾರೆ ಅಂತ ಕೇಳಿದಿರಿ. ಅದನ್ನಷ್ಟೇ ತಿನ್ನುವುದಿಲ್ಲ, ಅದೇ ಉತ್ತರ. ಆ ರಾತ್ರಿಯ ತಟ್ಟೆಯಲ್ಲಿ ಹಂದಿ ಮಾಂಸದ ರೋಸ್ಟ್ ಅಥವಾ ಬಾತುಕೋಳಿ ಇರುತ್ತದೆ, ವಿನಿಗರ್ ಹಾಕಿ ಬೇಯಿಸಿದ ಕೆಂಪು ಎಲೆಕೋಸು ಇರುತ್ತದೆ, ಕಂದು ಸಾಸ್ ಇರುತ್ತದೆ, ಬರೀ ಬೇಯಿಸಿದ ಬಿಳಿ ಆಲೂಗಡ್ಡೆಯೂ ಇರುತ್ತದೆ. ಎಷ್ಟೋ ಮನೆಗಳಲ್ಲಿ ಪ್ಯಾಕೆಟ್ ಚಿಪ್ಸ್ ಕೂಡ ಬಟ್ಟಲಲ್ಲಿ ಇಡುತ್ತಾರೆ, ಹೌದು, ಒಂದೇ ಊಟಕ್ಕೆ ಮೂರು ಥರದ ಆಲೂಗಡ್ಡೆ! ಕಂದು ಆಲೂಗಡ್ಡೆ ಬಡಿಸಿಕೊಳ್ಳುವುದು ಮೂರೋ ನಾಲ್ಕೋ. ಕೊಬ್ಬು, ಉಪ್ಪು, ಹುಳಿ ಇಷ್ಟರ ನಡುವೆ ಆ ಸಿಹಿ ಸರಿಯಾಗಿ ಕೂರುತ್ತದೆ. ನಿಮ್ಮ ತೊಂದರೆ ಏನೆಂದರೆ ನಿಮ್ಮ ತಟ್ಟೆಯಲ್ಲಿ ಮಾಂಸ ಇರುವುದಿಲ್ಲ, ಅಂದರೆ ಉಪ್ಪು ಕೊಬ್ಬಿನ ಆ ತೂಕ ಇರುವುದಿಲ್ಲ. ಹಾಗಾಗಿ ನೀವು ಮಾಡುವ ಎರಡನೆಯ ಪದಾರ್ಥ ಉಪ್ಪು ಮುಂದಾಗಿ, ಗರಿಗರಿಯಾಗಿ, ಬೆಣ್ಣೆ ಧಾರಾಳವಾಗಿ ಇರಬೇಕು. ನನ್ನ ಮತ ಹ್ಯಾಸೆಲ್‌ಬ್ಯಾಕ್‌ಗೆ, ಅಂದರೆ ತಳ ಬಿಡಿಸದೆ ತೆಳ್ಳಗೆ ಹೋಳು ಹೋಳಾಗಿ ಸೀಳಿ, ಬೆಣ್ಣೆ ಹಚ್ಚಿ ಓವನ್ನಿನಲ್ಲಿ ಹುರಿದ ಇಡೀ ಆಲೂಗಡ್ಡೆಗೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕೆಂಪು ಎಲೆಕೋಸನ್ನು ಎಷ್ಟೋ ಮನೆಗಳಲ್ಲಿ ಬಾತುಕೋಳಿಯ ಕೊಬ್ಬಿನಲ್ಲಿ ಬೇಯಿಸುತ್ತಾರೆ. ಕಂದು ಸಾಸ್ ಮಾಂಸದ ರಸದಿಂದಲೇ ಮಾಡುವುದು. ನೋಡಿದರೆ ತರಕಾರಿ, ಒಳಗೆ ಬೇರೆ. ಮೊದಲೇ ಒಂದು ಮೆಸೇಜ್ ಹಾಕಿ ಕೇಳಿ, ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ, ಹಬ್ಬದ ದಿನ ಮೇಜಿನ ಮೇಲೆ ಕೇಳುವುದಕ್ಕಿಂತ ಅದೇ ಮೇಲು. ಸಾಸ್ ಬೇಕಾದರೆ ನೀವೇ ಒಂದು ಚಿಕ್ಕ ಬಾಟಲಿ ಒಯ್ಯಿರಿ: ಅಣಬೆಯನ್ನು ಬೆಣ್ಣೆಯಲ್ಲಿ ಕೆಂಪಗೆ ಹುರಿದು, ಒಂದು ಚಮಚ ಮೈದಾ ಹಾಕಿ ಅದನ್ನೂ ಹುರಿದು, ತರಕಾರಿ ಬೇಯಿಸಿದ ನೀರು ಹಾಕಿ ಕುದಿಸಿ, ಸ್ವಲ್ಪ ಸೋಯಾ ಸಾಸ್, ಸ್ವಲ್ಪ ಕೆನೆ.

ಹ್ಯಾಸೆಲ್‌ಬ್ಯಾಕ್ ಸ್ವೀಡನ್ನಿನದು. ಸ್ಟಾಕ್‌ಹೋಮಿನ ಯೂರ್ಗೋರ್ಡನ್ ದ್ವೀಪದಲ್ಲಿ ಹ್ಯಾಸೆಲ್‌ಬ್ಯಾಕನ್ ಅಂತ ಹಳೆಯ ರೆಸ್ಟೋರೆಂಟ್ ಇದೆ, ಅಲ್ಲಿಂದ ಬಂದ ಹೆಸರು. 1950ರ ದಶಕದಲ್ಲಿ ಅಲ್ಲಿ ಅಡುಗೆ ಕಲಿಯುತ್ತಿದ್ದ ಲೇಫ್ ಎಲಿಸ್ಸನ್ ಎಂಬಾತ ಶುರು ಮಾಡಿದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಪಕ್ಕದ ದೇಶದ್ದನ್ನು ಡೆನ್ಮಾರ್ಕಿನ ಕ್ರಿಸ್‌ಮಸ್‌ಗೆ ಒಯ್ಯಬಹುದಾ ಅಂದರೆ, ಧಾರಾಳವಾಗಿ ಒಯ್ಯಬಹುದು. ಇದು ಅಲ್ಲಿ ಎಲ್ಲರಿಗೂ ಪರಿಚಯದ್ದೇ.

ಮುಷ್ಟಿಗಿಂತ ಸ್ವಲ್ಪ ಚಿಕ್ಕ, ಮೊಟ್ಟೆಯಾಕಾರದ ಆಲೂಗಡ್ಡೆ ಒಂದೇ ಅಳತೆಯವು ಎಂಟು ಆರಿಸಿ. ಇದಕ್ಕೆ ತುಂಬಾ ಗಟ್ಟಿಯದೂ ಬೇಡ, ಪೂರ್ತಿ ಹಿಟ್ಟಿನದೂ ಬೇಡ, ಆದರೆ ಹಿಟ್ಟಿನ ಕಡೆಗೇ ವಾಲಿರಲಿ. ಬರೀ ಗಟ್ಟಿ ಜಾತಿ ತೆಗೆದುಕೊಂಡರೆ ಹೋಳುಗಳು ಬಿಚ್ಚಿಕೊಳ್ಳುವುದೇ ಇಲ್ಲ, ಒಂದಕ್ಕೊಂದು ಅಂಟಿಕೊಂಡೇ ಬೇಯುತ್ತವೆ. ಫ್ರಿಜ್ಜಿನಲ್ಲಿ ದಿನಗಟ್ಟಲೆ ಇಟ್ಟ ಹಸಿ ಆಲೂಗಡ್ಡೆ ಬಳಸಬೇಡಿ. ಚಳಿಗೆ ಅದರ ಪಿಷ್ಟ ಸಕ್ಕರೆಯಾಗಿ ತಿರುಗುತ್ತದೆ, ಓವನ್ನಿನಲ್ಲಿ ಒಳಗೆ ಬೇಯುವ ಮುಂಚೆ ಹೊರಗೆ ಕಪ್ಪಾಗುತ್ತದೆ, ಹಾಗೆ ಕಪ್ಪಾಗಿದ್ದು ಮೈಗೂ ಒಳ್ಳೆಯದಲ್ಲ.

ಸಿಪ್ಪೆ ತೆಗೆದು, ತಳ ಅಲ್ಲಾಡದ ಹಾಗೆ ಒಂದು ಬದಿ ತೆಳ್ಳಗೆ ಕೊಯ್ಯಿರಿ. ಮರದ ಸೌಟಿನ ಗುಳಿಯಲ್ಲಿ ಗಡ್ಡೆ ಇಟ್ಟು ಕತ್ತರಿಸಿದರೆ ಸೌಟಿನ ಅಂಚು ಚಾಕುವನ್ನು ತಡೆಯುತ್ತದೆ, ತಳದಲ್ಲಿ ಅರ್ಧ ಸೆಂಟಿಮೀಟರ್ ಹಾಗೇ ಉಳಿಯುತ್ತದೆ. ಎರಡು ಊಟದ ಕಡ್ಡಿಗಳನ್ನು ಎರಡೂ ಪಕ್ಕಕ್ಕೆ ಇಟ್ಟರೂ ಆಯಿತು. ಹೋಳು 3–4 ಮಿಲಿಮೀಟರ್. ಚಾಕು ಹರಿತ ಇರಲಿ, ಒತ್ತಬೇಡಿ, ಎಳೆಯಿರಿ. ಕತ್ತರಿಸಿ ಆದ ಮೇಲೆ ತಣ್ಣೀರಿನಲ್ಲಿ ಹಾಕಿ ಹೋಳುಗಳನ್ನು ಬೆರಳಿಂದ ಮೆಲ್ಲಗೆ ಬಿಡಿಸಿ, ಪಿಷ್ಟದ ಬಿಳಿ ನೀರು ಹೋಗಲಿ. ಇಲ್ಲಿ ಪಿಷ್ಟ ನಮಗೆ ವೈರಿ, ಅದು ಉಳಿದರೆ ಅಂಟಿನ ಕೆಲಸ ಮಾಡುತ್ತದೆ. ಆಮೇಲೆ ಬಟ್ಟೆಯ ಮೇಲೆ ಬೋರಲು ಹಾಕಿ ಚೆನ್ನಾಗಿ ಒರೆಸಿ, ಒದ್ದೆ ಇದ್ದರೆ ಹುರಿಯುವ ಬದಲು ಆವಿಯಲ್ಲಿ ಬೇಯುತ್ತದೆ.

50 ಗ್ರಾಂ ಬೆಣ್ಣೆ ಕರಗಿಸಿ ಒಂದು ಚಮಚ ಎಣ್ಣೆ ಬೆರೆಸಿ. ಮೇಲೆಲ್ಲ ಹಚ್ಚಿ, ಉಪ್ಪು ಉದುರಿಸಿ, 200 ಡಿಗ್ರಿ ಓವನ್ನಿಗೆ. ಮೊದಲ ಅರ್ಧ ಗಂಟೆ ಏನೂ ಆಗಿಲ್ಲ ಅನ್ನಿಸುತ್ತದೆ. ಆಮೇಲೆ ಹೋಳುಗಳು ಒಣಗಿ, ಅಂಚು ಬಾಗಿ, ಒಂದರಿಂದ ಒಂದು ಬಿಡತೊಡಗುತ್ತವೆ. ಈಗ ಹೊರಗೆ ತೆಗೆದು ಬೆಣ್ಣೆಯನ್ನು ಆ ಸಂದುಗಳ ಒಳಗೆ ಇಳಿಯುವ ಹಾಗೆ ಮತ್ತೆ ಹಚ್ಚಿ. ಈ ಎರಡನೆಯ ಬೆಣ್ಣೆಯಲ್ಲೇ ಇರುವುದು ಗುಟ್ಟು. ಮೊದಲೇ ಎಲ್ಲ ಸುರಿದರೆ ಅದು ಬರೀ ತಟ್ಟೆಗೆ ಇಳಿಯುತ್ತದೆ. ಇನ್ನೊಂದು ಕಾಲು ಗಂಟೆ ಬಿಟ್ಟು ಒಣ ಬ್ರೆಡ್ ಪುಡಿ, ತುರಿದ ಗಟ್ಟಿ ಚೀಸ್ ಉದುರಿಸಿ, ಕೆಂಪಗಾಗುವವರೆಗೆ ಮತ್ತೆ ಒಳಗೆ. ಒಟ್ಟಿಗೆ ಒಂದು ಗಂಟೆ ಅಂತ ಇಟ್ಟುಕೊಳ್ಳಿ. ಚೀಸ್ ಬಗ್ಗೆ ಒಂದು ಮಾತು: ಹಳೆ ಮಾಡಿದ ಗಟ್ಟಿ ಚೀಸ್‌ಗಳಲ್ಲಿ ಎಷ್ಟೋ ಕಡೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನೀವು ಅದನ್ನೂ ನೋಡುವವರಾದರೆ ಲೇಬಲ್ ಓದಿ, ಇಲ್ಲ ಚೀಸ್ ಬಿಟ್ಟು ಬ್ರೆಡ್ ಪುಡಿಗೆ ಸ್ವಲ್ಪ ಬೆಣ್ಣೆ, ಮೆಣಸಿನ ಪುಡಿ ಬೆರೆಸಿ. ಕಾಳುಮೆಣಸು ಹೇಳುತ್ತಿದ್ದೇನೆ, ಬ್ಯಾಡಗಿ ಅಲ್ಲ! ಇಂಗು ಸಾಸಿವೆಗೆ ಹೋಗುವ ಕೈಯನ್ನು ಅವತ್ತೊಂದು ದಿನ ತಡೆದುಕೊಳ್ಳಿ. ನಿಮ್ಮ ಮನೆಗೆ ಅವರನ್ನು ಕರೆದಾಗ ಆಲೂಗಡ್ಡೆ ಪಲ್ಯ ಮಾಡಿ ಹಾಕಿ, ಅದು ಬೇರೆ ಮಾತು.

ಹ್ಯಾಸೆಲ್‌ಬ್ಯಾಕ್ ಬೇಡ, ಬೇರೆ ಏನಾದರೂ ಅಂದರೆ ಸ್ವೀಡನ್ನಿನವರ ಯಾನ್ಸನ್ಸ್ ಫ್ರೆಸ್ಟೆಲ್ಸೆ ಇದೆ. ಸ್ವೀಡನ್ನಿನ ಕ್ರಿಸ್‌ಮಸ್ ಮೇಜಿನ ಮೇಲೆ ಇದು ಬೇಕೇ ಬೇಕು. ಕಡ್ಡಿ ಕಡ್ಡಿಯಾಗಿ ಕತ್ತರಿಸಿದ ಆಲೂಗಡ್ಡೆ, ಈರುಳ್ಳಿ, ಕೆನೆ. ನೋಡಿದರೆ ಪೂರ್ತಿ ಸಸ್ಯಾಹಾರಿ, ಆದರೆ ನಡುವೆ ಚಿಕ್ಕ ಮೀನು ಇರುತ್ತದೆ, ಹುಷಾರು. ಅಲ್ಲಿ ಆನ್‌ಶೋವಿಸ್ ಅಂತ ಡಬ್ಬದಲ್ಲಿ ಮಾರುವುದು ಸ್ಪ್ರಾಟ್ ಎನ್ನುವ ಮೀನು, ಉಪ್ಪು, ಸಕ್ಕರೆ, ಮಸಾಲೆ ನೀರಲ್ಲಿ ನೆನೆಸಿದ್ದು. ಸಿಹಿ ಉಪ್ಪು ಎರಡೂ ಒಂದರಲ್ಲೇ ಇರುವ ಪದಾರ್ಥ ಇದು, ನಿಮ್ಮ ಪ್ರಶ್ನೆಗೆ ಹೇಳಿ ಮಾಡಿಸಿದ ಹಾಗಿದೆ. ಮೀನಿಲ್ಲದೆ ಮಾಡಬೇಕಾದರೆ ಆ ಸಿಹಿ-ಉಪ್ಪು-ಮಸಾಲೆಯನ್ನು ಬೇರೆ ಕಡೆಯಿಂದ ತರಬೇಕು. ಎರಡು ದೊಡ್ಡ ಈರುಳ್ಳಿ ಸೀಳಿ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಮೆತ್ತಗೆ, ತಿಳಿ ಕಂದಾಗುವವರೆಗೆ ಹುರಿಯಿರಿ, ಉಪ್ಪು ನೀರಲ್ಲಿಟ್ಟ ಕೇಪರ್ಸ್ (ಒಂದು ಗಿಡದ ಹೂಮೊಗ್ಗು) ಎರಡು ಚಮಚ, ಅದರ ನೀರು ಸ್ವಲ್ಪ, ಅರ್ಧ ಚಮಚ ಸಕ್ಕರೆ, ಆಲ್‌ಸ್ಪೈಸ್ ಎಂಬ ಒಣ ಕಾಯಿ ಮಸಾಲೆಯ ಪುಡಿ ಒಂದು ಚಿಟಿಕೆ, ದಾಲ್ಚಿನ್ನಿ ಅದರ ಅರ್ಧ. 1 ಕೆಜಿ ಆಲೂಗಡ್ಡೆ ಕಡ್ಡಿ, ನಡುವೆ ಈರುಳ್ಳಿ, ಮೇಲೆ ಮತ್ತೆ ಆಲೂಗಡ್ಡೆ, 300 ಮಿಲಿಲೀಟರ್ ಕೆನೆ, ಮೇಲೆ ಬ್ರೆಡ್ ಪುಡಿ, ಬೆಣ್ಣೆಯ ಚೂರು, 200 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ. ಇಲ್ಲಿ ಆಲೂಗಡ್ಡೆಯನ್ನು ಕತ್ತರಿಸಿದ ಮೇಲೆ ತೊಳೆಯಬೇಡಿ! ಹ್ಯಾಸೆಲ್‌ಬ್ಯಾಕ್‌ನಲ್ಲಿ ತೊಳೆದು ಚೆಲ್ಲಿದ ಅದೇ ಪಿಷ್ಟ ಇಲ್ಲಿ ಕೆನೆಯನ್ನು ಗಟ್ಟಿ ಮಾಡುತ್ತದೆ. ತೊಳೆದರೆ ತಳದಲ್ಲಿ ಕೆನೆ ನೀರಾಗಿ ನಿಲ್ಲುತ್ತದೆ. ಮೀನು ತಿಂದು ಬೆಳೆದವರಿಗೆ ಇದು ಯಾನ್ಸನ್ ಅಲ್ಲ ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ರುಚಿಗೆ ಏನೂ ಕಮ್ಮಿ ಇಲ್ಲ.

ಸ್ವೀಡನ್ನಿನ ರೋರಾಕರ್ ಅಂತ ಇನ್ನೊಂದಿದೆ. ಹಸಿ ಆಲೂಗಡ್ಡೆ ತುರಿದು, ನೀರು ಗಟ್ಟಿಯಾಗಿ ಹಿಂಡಿ, ಉಪ್ಪು ಹಾಕಿ ಬೆಣ್ಣೆಯಲ್ಲಿ ತೆಳ್ಳಗೆ ತಟ್ಟಿ ಹುರಿಯುವುದು. ಹಿಟ್ಟು, ಹಾಲು, ಮೊಟ್ಟೆ ಕಲಸಿ ಮಾಡಿದರೆ ಅದೇ ರಗ್‌ಮುಂಕ್. ಇದಕ್ಕೆ ಲಿಂಗನ್ ಎಂಬ ಹುಳಿ ಕೆಂಪು ಹಣ್ಣನ್ನು ಸಕ್ಕರೆ ಜೊತೆ ಕಲೆಸಿ ನೆಂಚಿಕೊಳ್ಳುತ್ತಾರೆ. ಒಳ್ಳೆಯ ತಿಂಡಿಯೇ, ಆದರೆ ಬಾಣಲೆಯಿಂದ ನೇರ ತಟ್ಟೆಗೆ ಬರಬೇಕು, ಬೇರೆಯವರ ಮನೆಗೆ ಹೊತ್ತುಕೊಂಡು ಹೋಗುವಂಥದ್ದಲ್ಲ.

ನಾರ್ವೆಯ ಆಲೂಗಡ್ಡೆ ಲೆಫ್ಸೆಯನ್ನು ಬೇಕಾದರೆ ಒಯ್ಯಬಹುದು. ಹಿಟ್ಟಿನ ಆಲೂಗಡ್ಡೆ ಬೇಯಿಸಿ, ಬಿಸಿ ಇರುವಾಗಲೇ ಗಂಟಿಲ್ಲದಂತೆ ಮಸೆದು, ಪೂರ್ತಿ ತಣ್ಣಗಾದ ಮೇಲೆ 1 ಕೆಜಿಗೆ 200–250 ಗ್ರಾಂ ಮೈದಾ ಕಲೆಸಿ ತೆಳ್ಳಗೆ ಲಟ್ಟಿಸಿ ಒಣ ಕಾವಲಿಯಲ್ಲಿ ಬೇಯಿಸುವುದು. ಹಿಟ್ಟನ್ನು ಲಟ್ಟಿಸುವ ಹೊತ್ತಿಗೇ ಕಲೆಸಬೇಕು. ಮೊದಲೇ ಕಲೆಸಿಟ್ಟರೆ ನೀರು ಬಿಟ್ಟು ಕೈಗೆಲ್ಲ ಅಂಟುತ್ತದೆ, ಇನ್ನಷ್ಟು ಹಿಟ್ಟು ಸುರಿಯುತ್ತೀರಿ, ಕೊನೆಗೆ ಚರ್ಮದಂತಾಗುತ್ತದೆ. ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಸವರಿ ಸುತ್ತಿದರೆ ಸಿಹಿ. ಚಪಾತಿ ಲಟ್ಟಿಸಿ ಅಭ್ಯಾಸ ಇರುವ ನಿಮಗೆ ಇದು ನೀರು ಕುಡಿದಷ್ಟು ಸುಲಭ.

ಸಕ್ಕರೆಯನ್ನೇ ಹಾಕದೆ ಸಿಹಿ ಮಾಡುವ ಆಲೂಗಡ್ಡೆಯೂ ಒಂದಿದೆ, ನನಗೆ ಇವೆಲ್ಲಕ್ಕಿಂತ ಅದೇ ಇಷ್ಟ. ಫಿನ್ಲೆಂಡಿನದು. ಹೆಸರು ಇಮೆಲ್ಲೆಟ್ಟಿ ಪೆರುನಲಾತಿಕ್ಕೊ, ಹಮೆ ಪ್ರಾಂತ್ಯದ ಕ್ರಿಸ್‌ಮಸ್ ಅಡುಗೆ. 1 ಕೆಜಿ ಹಿಟ್ಟಿನ ಆಲೂಗಡ್ಡೆ ಬೇಯಿಸಿ ಮಸೆದು, ಬೆರಳಿಟ್ಟರೆ ತಡೆಯಬಹುದಾದಷ್ಟು ಆರಿಸಿ, ಎರಡು ದೊಡ್ಡ ಚಮಚ ಗೋಧಿ ಹಿಟ್ಟು ಕಲೆಸುತ್ತಾರೆ. ಮುಚ್ಚಿ, 50ರಿಂದ 75 ಡಿಗ್ರಿ ಒಳಗೆ ಓವನ್ನಿನಲ್ಲಿ ಮೂರು ನಾಲ್ಕು ಗಂಟೆ ಇಡುತ್ತಾರೆ, ಆಗಾಗ ಕೈಯಾಡಿಸುತ್ತಾರೆ. ಹಿಟ್ಟಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆಲೂಗಡ್ಡೆಯ ಪಿಷ್ಟವನ್ನು ಒಡೆದು ಮಾಲ್ಟೋಸ್ ಸಕ್ಕರೆ ಮಾಡುತ್ತದೆ. ಮೊಳಕೆ ಕಟ್ಟಿದ ರಾಗಿಯ ಮಾಲ್ಟಿಗೆ ಸಕ್ಕರೆ ಹಾಕದಿದ್ದರೂ ಸಿಹಿ ಇರುತ್ತದಲ್ಲ, ಅಲ್ಲಿ ಕೆಲಸ ಮಾಡುವುದೂ ಇದೇ ಕಿಣ್ವ. ಗಟ್ಟಿಯಾಗಿ ಮುದ್ದೆ ಇದ್ದದ್ದು ತಾನಾಗಿಯೇ ಸಡಿಲಾಗಿ ಸುರಿಯುವ ಹಾಗಾಗುತ್ತದೆ, ನಾಲಿಗೆಗೆ ಹಚ್ಚಿ ನೋಡಿದರೆ ನಿಜವಾಗಿ ಸಿಹಿ! ಬಿಸಿ 80 ದಾಟಿತೋ, ಕಿಣ್ವ ಸತ್ತಿತು, ಆಮೇಲೆ ಎಷ್ಟು ಹೊತ್ತು ಇಟ್ಟರೂ ಆಲೂಗಡ್ಡೆ ಆಲೂಗಡ್ಡೆಯೇ. ಸಿಹಿ ಬಂದ ಮೇಲೆ 300–400 ಮಿಲಿಲೀಟರ್ ಹಾಲು, 50 ಗ್ರಾಂ ಬೆಣ್ಣೆ, ಉಪ್ಪು, ಜಾಯಿಕಾಯಿ ಹಾಕಿ, 150 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಮೇಲ್ಮೈ ಕಂದಾಗುವವರೆಗೆ ಬೇಯಿಸುವುದು. ಪಾತ್ರೆಯಲ್ಲಿ ಅರ್ಧ ಜಾಗ ಖಾಲಿ ಬಿಡಿ, ಉಕ್ಕುತ್ತದೆ. ಇಡೀ ದಿನದ ಕೆಲಸ, ಆದರೆ ನೀವು ನಿಂತು ಮಾಡುವ ಕೆಲಸ ಅರ್ಧ ಗಂಟೆಯದೂ ಇಲ್ಲ. ಈಗೀಗ ಕೆಲವರು ಸಿರಪ್ ಸುರಿದು ಕೈತೊಳೆದುಕೊಳ್ಳುತ್ತಾರೆ. ಅದು ಮೋಸ.

ಇಷ್ಟೊಂದು ಬಗೆ ಅಲ್ಲಿಗೆ ಹೇಗೆ ಬಂತು ಅನ್ನಿಸಬಹುದು. ಆಲೂಗಡ್ಡೆ ಅಲ್ಲಿಗೂ ಹೊಸದೇ. ಸ್ವೀಡನ್ನಿನ ಅಲಿಂಗ್ಸೋಸ್ ಊರಿನಲ್ಲಿ ಯೋನಾಸ್ ಆಲ್‌ಸ್ಟ್ರೋಮರ್ 1720ರ ದಶಕದಲ್ಲಿ ಬೆಳೆಸಿ ಪ್ರಚಾರ ಮಾಡಿದ. ಜನ ಮೊದಮೊದಲು ಮುಟ್ಟಲಿಲ್ಲ. ಎವಾ ಎಕೆಬ್ಲಾಡ್ ಎಂಬ ಶ್ರೀಮಂತ ಮನೆತನದ ಹೆಂಗಸು 1746ರಲ್ಲಿ ಆಲೂಗಡ್ಡೆಯಿಂದ ಹಿಟ್ಟು, ಸಾರಾಯಿ ಎರಡೂ ಮಾಡಬಹುದು ಅಂತ ತೋರಿಸಿದಳು, 1748ರಲ್ಲಿ ಸ್ವೀಡನ್ನಿನ ರಾಯಲ್ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಹೆಂಗಸು ಆಕೆ. ಸಾರಾಯಿ ಅಂದ ಮೇಲೆ ಜನಕ್ಕೆ ಆಸಕ್ತಿ ಬಂತು ಅಂತ ಬೇರೆ ಹೇಳಬೇಕಾ! ಡೆನ್ಮಾರ್ಕಿನಲ್ಲಿ 1759ರಿಂದ ಯೂಟ್‌ಲ್ಯಾಂಡಿನ ಬರಡು ನೆಲಕ್ಕೆ ಜರ್ಮನ್ ರೈತರನ್ನು ಕರೆಸಿದರು, ಅವರು ಆಲೂಗಡ್ಡೆ ತಂದರು, ಊರವರು ಅವರನ್ನು ಆಲೂಗಡ್ಡೆ ಜರ್ಮನ್ನರು ಅಂತಲೇ ಕರೆದರು. ನೀವಿರುವ ಆರ್ಹುಸ್ ಅದೇ ಯೂಟ್‌ಲ್ಯಾಂಡಿನಲ್ಲೇ ಇದೆ. ನಾರ್ವೆಯಲ್ಲಿ ಚರ್ಚಿನ ಪಾದ್ರಿಗಳೇ ಆಲೂಗಡ್ಡೆ ಬೆಳೆಯಿರಿ ಅಂತ ಜನಕ್ಕೆ ಬೋಧಿಸಿದರು.

ಇನ್ನು ಒಯ್ಯುವ ವಿಷಯ. ಹಬ್ಬದ ದಿನ ಅವರ ಓವನ್ನಿನಲ್ಲಿ ಮಾಂಸ ಇರುತ್ತದೆ, ಜಾಗ ಇದೆಯಾ ಅಂತ ಮೊದಲೇ ಕೇಳಿ. ಹ್ಯಾಸೆಲ್‌ಬ್ಯಾಕನ್ನು ಎರಡನೆಯ ಬೆಣ್ಣೆ ಹಚ್ಚಿ ಮುಕ್ಕಾಲು ಬೇಯುವವರೆಗೆ ಮನೆಯಲ್ಲಿ ಮಾಡಿಕೊಂಡು ಹೋಗಿ, ಬ್ರೆಡ್ ಪುಡಿ ಡಬ್ಬಿಯಲ್ಲಿ ಬೇರೆ ಇರಲಿ. ಮಾಂಸ ಹೊರಗೆ ತೆಗೆದು ಆರಲು ಬಿಡುತ್ತಾರಲ್ಲ, ಆ 15–20 ನಿಮಿಷದಲ್ಲಿ ನಿಮ್ಮದು ಒಳಗೆ ಹೋಗಿ ಕೆಂಪಗಾಗಿ ಬರುತ್ತದೆ. ಕಂದು ಆಲೂಗಡ್ಡೆಗೆ ಬೇಯಿಸಿ ಸಿಪ್ಪೆ ತೆಗೆದದ್ದನ್ನು, ಅಳೆದ ಸಕ್ಕರೆ ಬೆಣ್ಣೆಯನ್ನು ಒಯ್ದು, ಅಲ್ಲೇ ಒಲೆಯ ಮೇಲೆ ಮಾಡಿದರೆ ಬಹಳ ಚೆಂದ. ಅವರ ಅಡುಗೆಮನೆಯಲ್ಲಿ ನಿಲ್ಲಲು ಸಂಕೋಚ ಅಂದರೆ ಮನೆಯಲ್ಲೇ ಮುಗಿಸಿ, ಅಲ್ಲಿ ಬಾಣಲೆಯಲ್ಲಿ ಒಂದು ಚಮಚ ನೀರು ಹಾಕಿ ಬಿಸಿ ಮಾಡಿ. ಓವನ್ನಿನಲ್ಲೋ ಮೈಕ್ರೋವೇವಿನಲ್ಲೋ ಬಿಸಿ ಮಾಡಬೇಡಿ, ಕ್ಯಾರಮೆಲ್ ಜಾರಿ ತಳ ಸೇರುತ್ತದೆ, ಗಡ್ಡೆ ಸುಕ್ಕುಗಟ್ಟುತ್ತದೆ.

ಅಮ್ಮನಿಗೆ ಹೇಳಿ: ನಮ್ಮ ಕಡೆ ಮಾರ್ಕೆಟ್ಟಿನಲ್ಲಿ ಗಟ್ಟಿ, ಹಿಟ್ಟು ಅಂತ ಯಾರೂ ವಿಂಗಡಿಸುವುದಿಲ್ಲ, ಉಪ್ಪು ನೀರಿನ ಪರೀಕ್ಷೆಯೇ ದಾರಿ. ಹಾಸನದ ಕಡೆ ಜಾಸ್ತಿ ಬೆಳೆಯುವ ಕುಫ್ರಿ ಜ್ಯೋತಿ ತಳಿ ಎರಡರ ನಡುವಿನದು. ಅದರಲ್ಲಿ ಪುಟ್ಟಪುಟ್ಟದ್ದು, ಬೇಬಿ ಆಲೂಗಡ್ಡೆ ಅಂತ ಮಾರುತ್ತಾರಲ್ಲ, ಅದು ಕಂದು ಆಲೂಗಡ್ಡೆಗೆ ಚೆನ್ನಾಗಿ ಹೊಂದುತ್ತದೆ. ಮಧ್ಯಮ ಗಾತ್ರದ್ದು ಹ್ಯಾಸೆಲ್‌ಬ್ಯಾಕ್‌ಗೆ. ಕೋಲ್ಡ್ ಸ್ಟೋರೇಜಿನಿಂದ ಬಂದದ್ದಾದರೆ ಸಿಹಿ ಬಂದಿರುತ್ತದೆ, ಒಂದು ವಾರ ಹತ್ತು ದಿನ ಬುಟ್ಟಿಯಲ್ಲಿ, ಬೆಳಕು ಬೀಳದ ಕಡೆ ಹೊರಗೇ ಇಟ್ಟು ಆಮೇಲೆ ಓವನ್ನಿಗೆ ಹಾಕಲಿ, ಅಷ್ಟರಲ್ಲಿ ಆ ಸಿಹಿ ಸುಮಾರು ಇಳಿಯುತ್ತದೆ. ಓವನ್ ಇಲ್ಲದಿದ್ದರೆ ಹ್ಯಾಸೆಲ್‌ಬ್ಯಾಕ್ ಬಿಟ್ಟು ಕಂದು ಆಲೂಗಡ್ಡೆ ಒಂದೇ ಮಾಡಲಿ, ಅದಕ್ಕೆ ಒಲೆ ಸಾಕು. ಸಬ್ಬಸಿಗೆ ಸೊಪ್ಪು ಸಿಕ್ಕರೆ ಸ್ವೀಡನ್ನಿನವರ ಇನ್ನೊಂದು ಸುಲಭದ್ದೂ ಇದೆ: ಬೇಯಿಸಿದ ಗಟ್ಟಿ ಆಲೂಗಡ್ಡೆ ಹೋಳನ್ನು ಬೆಣ್ಣೆ, ಮೈದಾ, ಹಾಲಿನ ಬಿಳಿ ಸಾಸಿನಲ್ಲಿ ಹಾಕಿ, ಒಲೆಯಿಂದ ಇಳಿಸಿದ ಮೇಲೆ ಹೆಚ್ಚಿದ ಸಬ್ಬಸಿಗೆ ಬೆರೆಸುವುದು. ನಮ್ಮ ಸಬ್ಬಸಿಗೆಯ ಘಾಟು ಅಲ್ಲಿಯದಕ್ಕಿಂತ ಜಾಸ್ತಿ, ಅವರು ಒಂದು ಕಟ್ಟು ಅಂದ ಕಡೆ ಅಮ್ಮ ಅರ್ಧ ಕಟ್ಟು ಹಾಕಿದರೆ ಸರಿಹೋಗುತ್ತದೆ.